ಖಾಲಿ ಲಾರಿಯ ತೂಕ

ಮಾರ್ಚ್ ೩, ಸೋಮವಾರ

ಈ ಡೈರಿ ಕೊಟ್ಟವಳು ತಂಗಿಯ ಮಗಳು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳೆ. ದಿನವಿಡೀ ಕಿಂಡಿಯೊಳಗಿಂದ ಮಾತಾಡಿ ಮಾತಾಡಿ ಅವಳ ಮಾತೂ ಕಿಂಡಿಯಷ್ಟೇ ಚಿಕ್ಕದಾಗಿದೆ, ಆದರೆ ಸೂಜಿಯ ಹಾಗೆ ಚುಚ್ಚುತ್ತದೆ. "ಮಾಮ, ನೀನು ರಿಟೈರ್ ಆದ್ಮೇಲೆ ನಿನ್ನ ಕಥೆ ಕೇಳೋಕೆ ಲಾರಿ ಡ್ರೈವರ್‌ಗಳಿಲ್ಲ, ನಾವೇ ಸಿಕ್ಕಿರೋದು. ಇದ್ರಲ್ಲಿ ಬರಿ. ನಮ್ಮ ಕಿವಿಗೂ ಒಂದಿಷ್ಟು ರಜ ಸಿಗುತ್ತೆ" ಅಂದಳು. ತಂಗಿ ಹೊಲಿಗೆ ಮೆಷಿನ್ ತುಳಿಯುತ್ತಾ ತಲೆ ಎತ್ತದೆ ನಕ್ಕಳು. ನಗಲಿ. ದೊಡ್ಡ ಮನುಷ್ಯರ ಚರಿತ್ರೆ ಬರೆಯಲು ಇನ್ನೊಬ್ಬರು ಬೇಕಾಗುತ್ತದೆ. ನಾನು ಹಳ್ಳಿಶಾಲೆಯಲ್ಲಿ ಏಳನೆಯ ಕ್ಲಾಸು ಪಾಸಾದವನಾದ್ದರಿಂದ ನನ್ನದನ್ನು ನಾನೇ ಬರೆದುಕೊಳ್ಳಬಲ್ಲೆ.

ಮೂವತ್ತೊಂದು ವರ್ಷ ಊರಾಚೆಯ ಲಾರಿ ತೂಕದ ಕಟ್ಟೆಯಲ್ಲಿ ದುಡಿದೆ. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ. ಗಾಜಿನ ಕೋಣೆಯಲ್ಲಿ ಮುಳ್ಳು ತೂಗಾಡುತ್ತದೆ. ಅದು ನಿಂತ ಮೇಲೆ ಚೀಟಿ ಬರೆಯಬೇಕು. ಲೋಡ್ ಇಳಿಸಿ ಬಂದ ಖಾಲಿ ಲಾರಿಯನ್ನು ಮತ್ತೆ ತೂಗಬೇಕು. ಎರಡನ್ನೂ ಕಳೆದರೆ ಸರಕಿನ ನಿಜ ತೂಕ ಸಿಗುತ್ತದೆ. ಬೀದಿಯಲ್ಲಿ ಎಲ್ಲರಿಗೂ ನಾನು 'ತೂಕದ ಮಾಮ'. ಯಾವ ಮನುಷ್ಯನನ್ನಾದರೂ ಕಣ್ಣಲ್ಲೇ ತೂಗುತ್ತೇನೆ. ಅರ್ಧ ಕಿಲೋ ಹೆಚ್ಚುಕಮ್ಮಿಯಾದರೆ ಮೀಸೆ ಬೋಳಿಸಿಕೊಳ್ಳುತ್ತೇನೆಂದು ಪಂಥ. ಮೀಸೆ ಮೊದಲಿನಿಂದಲೂ ಇಲ್ಲ.

ಇವತ್ತಿನ ವಿಷಯಕ್ಕೆ ಬರುತ್ತೇನೆ. ಕ್ಷೌರದಂಗಡಿಯಲ್ಲಿ ಕೂತು, ಯೌವನದಲ್ಲಿ ಮೂರು ವರ್ಷ ಆಚೆ ದೇಶದಲ್ಲಿ ಲಾರಿ ಓಡಿಸಿದ ಕಥೆ ಹೇಳುತ್ತಿದ್ದೆ. ಬೆಟ್ಟಸಾಲಿನ ಆ ಕಡೆಯದೆಲ್ಲ ನಮಗೆ ಆಚೆ ದೇಶ. ತೋಳಗಳ ಭಾಗ ಮುಗಿಸಿ ಮಂಜಿನ ಭಾಗಕ್ಕೆ ಬಂದಿದ್ದೆ. ಆಗ ಮೂಲೆಯಲ್ಲಿ ಪೇಪರ್ ಓದುತ್ತಿದ್ದ ನನ್ನ ಗೆಳೆಯ, ನಾವೆಲ್ಲ 'ಕಟಕಟ' ಎಂದು ಕರೆಯುವ ಟೈಪಿಸ್ಟ್, ಎದ್ದು ನಿಂತು, ಎಲ್ಲರೆದುರು ಅಂದ: "ನಾನು ಮುಂದಿನ ತಿಂಗಳು ಟೈಪ್ ಮೆಷಿನ್ ಮುಚ್ಚಿಡ್ತಿದೀನಿ. ಆಚೆ ದೇಶ ನೋಡ್ಬೇಕು. ಕಣಿವೆಯಿಂದ ಸಮುದ್ರದ ತನಕ, ಬಸ್ಸು, ರೈಲು, ಲಾರಿ, ಸಿಕ್ಕಿದ್ರಲ್ಲಿ. ನಲವತ್ತು ದಿನ. ನಿನಗೆ ದಾರಿ ಗೊತ್ತು. ಬರ್ತೀಯಾ?"

ಕ್ಷೌರಿಕ ಕತ್ತರಿ ಕೆಳಗಿಟ್ಟ. ಎಲ್ಲರೂ ನನ್ನ ಮುಖ ನೋಡಿದರು.

"ಬರದೆ ಏನು? ಕಣ್ಣು ಕಟ್ಟಿ ಬಿಟ್ರೂ ಸಮುದ್ರ ಮುಟ್ಟಿಸ್ತೀನಿ" ಅಂದೆ.

ಈ ಪುಸ್ತಕ ಯಾರೂ ಓದುವುದಿಲ್ಲವಾದ್ದರಿಂದ ಒಂದು ಸಣ್ಣ ವಿಷಯ ಬರೆದಿಡುತ್ತೇನೆ. ನಾನು ಆಚೆ ದೇಶಕ್ಕೆ ಹೋಗಿಲ್ಲ. ಆ ಮೂರು ವರ್ಷ ಹಿಟ್ಟಿನ ಗಿರಣಿಯಲ್ಲಿ ಚೀಲದ ಬಾಯಿ ಹಿಡಿದು ನಿಂತಿದ್ದೆ. ಆದರೆ ಆಚೆಯಿಂದ ಬಂದ ಡ್ರೈವರುಗಳೆಲ್ಲ ಮುಳ್ಳು ನಿಲ್ಲುವ ತನಕ ನನಗೆ ಕಥೆ ಹೇಳಿದ್ದಾರೆ. ಹೋಗಿಲ್ಲ ಎಂಬುದೊಂದನ್ನು ಬಿಟ್ಟರೆ ಆ ದೇಶ ನನಗೆ ಅಂಗೈ ಗೆರೆಯಷ್ಟು ಗೊತ್ತು.

ಮಾರ್ಚ್ ೪, ಮಂಗಳವಾರ

ಬೆಳಗ್ಗೆ ಹಲ್ಲುಜ್ಜುವಾಗಲೇ ಕಟಕಟ ನಕ್ಷೆ ಹಿಡಿದು ಬಂದ.

ಇವನ ಬಗ್ಗೆ ಎರಡು ಮಾತು. ವೀಸಾ ಕಚೇರಿಯ ಮೆಟ್ಟಿಲ ಪಕ್ಕ ದೊಡ್ಡ ಕೊಡೆ ಬಿಡಿಸಿ, ಒಂದು ಕಾಲು ಗಿಡ್ಡವಾದ ಮೇಜಿಟ್ಟು, ಪರದೇಶಕ್ಕೆ ಹೋಗುವವರ ಅರ್ಜಿ ಟೈಪ್ ಮಾಡುತ್ತಾನೆ. ಮೂವತ್ತನಾಲ್ಕು ವರ್ಷವಾಯಿತು. ಒಂದಕ್ಷರ ತಪ್ಪಿಲ್ಲ. ರಬ್ಬರು ಇಟ್ಟುಕೊಂಡಿದ್ದಾನೆ, ಬಳಸದೆ ಕಲ್ಲಿನ ಹಾಗಾಗಿದೆ. ಈ ಊರಿನಿಂದ ಗಡಿ ದಾಟಿದವರೆಲ್ಲ ಅವನ ಬೆರಳತುದಿಯಿಂದಲೇ ದಾಟಿದ್ದು. ಅವನು ಮಾತ್ರ ಮೆಟ್ಟಿಲನ್ನೂ ಹತ್ತಿದವನಲ್ಲ. ಮಾತು ಕಡಿಮೆ. ಆದ್ದರಿಂದಲೇ ನನಗೂ ಅವನಿಗೂ ಹೊಂದಿದ್ದು. ಇಬ್ಬರೂ ಮಾತಾಡಿದ್ದರೆ ಇಷ್ಟು ಹೊತ್ತಿಗೆ ಜಗಳವಾಗಿರುತ್ತಿತ್ತು.

ನಕ್ಷೆ ಹಾಸಿ ಕೆಂಪು ಪೆನ್ಸಿಲು ತೆಗೆದ. "ಮೊದಲು ನೀಲಿ ಬಾಗಿಲು ತೋರಿಸು" ಅಂದ.

ನೀಲಿ ಬಾಗಿಲು ನನ್ನ ಕಥೆಗಳಲ್ಲೆಲ್ಲ ಶ್ರೇಷ್ಠ. ಮಂಜಿನಲ್ಲಿ ನನ್ನ ಲಾರಿ ಕೆಟ್ಟು ನಿಂತಿರುತ್ತದೆ. ರಸ್ತೆ ತಿರುವಿನಲ್ಲಿ ನೀಲಿ ಬಾಗಿಲಿನ ಒಂಟಿ ಮನೆ. ಅಲ್ಲೊಬ್ಬ ಮುದುಕಿ ಬಿಸಿ ಗಂಜಿ ಕೊಟ್ಟು, ತೀರಿಹೋದ ಗಂಡನ ಬೂಟು ಕೊಟ್ಟು, ನಾನು ಹೊರಟಾಗ ಬಾಗಿಲಲ್ಲಿ ನಿಂತು, ಲಾರಿ ಮರೆಯಾಗುವವರೆಗೆ ಎತ್ತಿದ ಕೈ ಇಳಿಸುವುದಿಲ್ಲ. ಇದನ್ನು ಹೇಳುವಾಗ ಕಟಕಟ ಪ್ರತಿ ಸಲವೂ ಪೇಪರ್ ಮಡಚಿ ಇಡುತ್ತಿದ್ದುದನ್ನು ನಾನು ಗಮನಿಸಿದ್ದೇನೆ.

ನಕ್ಷೆಯಲ್ಲಿ ರಸ್ತೆ ಎಲ್ಲಿ ಚೆನ್ನಾಗಿ ಬಳುಕಿದೆಯೋ ಅಲ್ಲಿ ಬೆರಳಿಟ್ಟೆ. ಅವನು ಕೆಂಪು ಸುತ್ತು ಹಾಕಿದ. ಪಕ್ಕದಲ್ಲಿ ಬರೆದ: ಹನ್ನೊಂದನೆಯ ದಿನ.

ಮಾರ್ಚ್ ೯, ಭಾನುವಾರ

ತಯಾರಿ ಜೋರಾಗಿದೆ. ಕಟಕಟ ದಿನಾ ಸಂಜೆ ಬೆನ್ನಿಗೆ ಚೀಲ ಕಟ್ಟಿಕೊಂಡು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ನಾನು ಕೆಳಗೆ ಕಟ್ಟೆಯ ಮೇಲೆ ಕೂತು ಸಲಹೆ ಕೊಡುತ್ತೇನೆ. ಅನುಭವಿಗಳು ಹತ್ತಬೇಕಾಗಿಲ್ಲ.

ಆಚೆ ದೇಶದ ಭಾಷೆಯನ್ನೂ ಕಲಿಸುತ್ತಿದ್ದೇನೆ. ನನಗೆ ಬರುವುದು ಡ್ರೈವರುಗಳು ಆಡುತ್ತಿದ್ದ ಎಂಟು ಮಾತು. ಅವುಗಳಲ್ಲಿ ಐದು ಹೆಂಗಸರೆದುರು ಆಡತಕ್ಕವಲ್ಲ ಎಂದು ಅವರ ಮುಖಭಾವದಿಂದ ಊಹಿಸಿದ್ದೆ. "ನಮಸ್ಕಾರಕ್ಕೆ ಏನಂತಾರೆ?" ಎಂದು ಕಟಕಟ ಕೇಳಿದಾಗ, ಮುಳ್ಳು ನಿಂತ ಕೂಡಲೇ ಎಲ್ಲ ಡ್ರೈವರುಗಳೂ ತಲೆಯಲ್ಲಾಡಿಸಿ ಆಡುತ್ತಿದ್ದ ಮಾತನ್ನು ಕೊಟ್ಟೆ. ಅವನು ಸಣ್ಣ ರಟ್ಟಿನ ಮೇಲೆ ಟೈಪ್ ಮಾಡಿಕೊಂಡು ಬಂದು, ದಾರಿಯಲ್ಲಿ ಸಿಕ್ಕ ನಾಯಿಗೂ ಹೇಳಿ ಅಭ್ಯಾಸ ಮಾಡುತ್ತಿದ್ದಾನೆ.

ಊಟದ ಹೊತ್ತಿಗೆ ತಂಗಿಯ ಮಗಳಿಗೂ ಒಂದು ಸಲಹೆ ಕೊಟ್ಟೆ. "ಆಚೆ ದೇಶದ ಬಸ್ಸಲ್ಲಿ ಯಾವತ್ತೂ ಬಲಗಡೆ ಕೂರಬಾರದು. ಬಿಸಿಲು."

"ಯಾವ ದಿಕ್ಕಿಗೆ ಹೋಗೋ ಬಸ್ಸು ಮಾಮ?"

"ಎಲ್ಲಾ ಬಸ್ಸೂ."

"ವಾಪಸ್ ಬರೋದೂ?"

ಈ ಕಾಲದ ಹುಡುಗಿಯರಿಗೆ ಹಿರಿಯರೆಂದರೆ ಭಯವಿಲ್ಲ.

ಮಾರ್ಚ್ ೧೪, ಶುಕ್ರವಾರ

ಎರಡು ದಿನದಿಂದ ಕಾಲು ನೋವು. ಇಷ್ಟು ದೂರದ ಪ್ರಯಾಣ ಆಗುವುದಿಲ್ಲವೇನೋ ಎಂದು ಎಲ್ಲರಿಗೂ ಕೇಳುವ ಹಾಗೆ ನರಳಿದೆ. ತಂಗಿ ಎಣ್ಣೆ ಬಿಸಿ ಮಾಡಿ ತಂದು, "ಯಾವ ಕಾಲಣ್ಣ?" ಅಂದಳು. ತೋರಿಸಿದೆ. "ನಿನ್ನೆ ಇನ್ನೊಂದು ಕಾಲಾಗಿತ್ತಲ್ಲ?" ಅಂದಳು. ನೋವು ಆ ಕ್ಷಣಕ್ಕೇ ಗುಣವಾಯಿತು.

ಮಾರ್ಚ್ ೧೭, ಸೋಮವಾರ

ಇವತ್ತು ಧೈರ್ಯ ಮಾಡಿದೆ. ಟ್ಯಾಂಕಿನ ಬುಡದಲ್ಲಿ ಕಟಕಟನ ಕೈ ಹಿಡಿದು ಹೇಳಿದೆ: "ನೋಡಯ್ಯಾ, ನಿಜ ಹೇಳ್ತೀನಿ. ನಾನು ಆಚೆ ದೇಶ ನೋಡೇ ಇಲ್ಲ."

ಅವನು ಏದುಸಿರು ಬಿಡುತ್ತಿದ್ದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. "ಇದು ಎಲ್ಲಾದಕ್ಕಿಂತ ಚೆನ್ನಾಗಿದೆ" ಅಂದ.

ನಿಜ ಹೇಳುವುದು ನನ್ನ ಕಸುಬಲ್ಲ. ಅಭ್ಯಾಸವಿಲ್ಲದವನು ಹತ್ಯಾರ ಹಿಡಿದ ಹಾಗಾಯಿತು.

ಮಾರ್ಚ್ ೨೨, ಶನಿವಾರ

ಅರ್ಜಿಗೆ ಸಹಿ ಹಾಕಿದೆ. ಇಬ್ಬರಿಗೂ ಸೇರಿ ಒಂದೇ 'ಜೊತೆ ಅರ್ಜಿ'. ಒಬ್ಬ ಅನುಭವಿ ಜೊತೆಗಿದ್ದರೆ ಅರವತ್ತು ದಾಟಿದವನಿಗೆ ಬೇಗ ವೀಸಾ ಕೊಡುತ್ತಾರಂತೆ. ಇಂಥ ಒಳದಾರಿಗಳೆಲ್ಲ ಅವನಿಗೆ ಗೊತ್ತು.

'ಹಿಂದಿನ ಪ್ರವಾಸದ ವಿವರ' ಎಂಬ ಅಂಕಣದಲ್ಲಿ 'ಲಗತ್ತು ನೋಡಿ' ಎಂದಿತ್ತು. ಲಗತ್ತು ನೋಡಿದೆ. ಮೂರು ಹಾಳೆ. ಕ್ಷೌರದಂಗಡಿಯಲ್ಲಿ ಇಷ್ಟು ವರ್ಷ ನಾನು ಉದುರಿಸಿದ್ದನ್ನೆಲ್ಲ ಅವನು ಆರಿಸಿ, ಹದಿನೇಳು ಅಂಶ ಮಾಡಿ, ಅಂಚು ಬಿಟ್ಟು, ನಂಬರು ಹಾಕಿ ಟೈಪ್ ಮಾಡಿದ್ದ. ಒಂದು: ತೋಳಗಳು. ನಾಲ್ಕು: ಸೇತುವೆ ಕುಸಿಯುವ ಮುಂಚೆ ದಾಟಿದ ಕೊನೆಯ ಲಾರಿ. ಒಂಬತ್ತು: ನೀಲಿ ಬಾಗಿಲು.

"ಇದೆಲ್ಲ ಯಾಕಯ್ಯಾ? ಎರಡು ಸಾಲು ಸಾಕಿತ್ತು" ಅಂದೆ.

"ಮೂವತ್ನಾಲ್ಕು ವರ್ಷ 'ಇಲ್ಲ', 'ಅನ್ವಯಿಸುವುದಿಲ್ಲ' ಅಂತಲೇ ಟೈಪ್ ಮಾಡಿದೀನಿ" ಅಂದ. "ಬರೆಯೋಕೆ ಏನಾದ್ರೂ ಇರೋ ಅರ್ಜಿ ಇದೊಂದೇ."

ಸಹಿ ಹಾಕಿ ಕೆಳಗೆ ಎರಡು ಗೆರೆ ಎಳೆದೆ.

ಏಪ್ರಿಲ್ ೨, ಬುಧವಾರ

ವೀಸಾ ಕಚೇರಿಯಿಂದ ಕರೆ ಬಂತು. ಕಟಕಟ ಇಸ್ತ್ರಿ ಮಾಡಿದ ಅಂಗಿ ಹಾಕಿ, ಮೂವತ್ತನಾಲ್ಕು ವರ್ಷ ಪಕ್ಕದಲ್ಲೇ ಇದ್ದ ಮೆಟ್ಟಿಲುಗಳನ್ನು ಮೊದಲ ಸಲ ಹತ್ತಿದ. ಒಟ್ಟು ಎಂಟಂತೆ. ಎಣಿಸಿ ನನಗೆ ಹೇಳಿದ.

ಮೂರನೆಯ ಕೌಂಟರಿನಲ್ಲಿ ದಪ್ಪ ಕನ್ನಡಕದ ಅಧಿಕಾರಿಣಿ. ಅಂದಾಜು ಐವತ್ತೆಂಟು ಕಿಲೋ, ಅದರಲ್ಲಿ ಎರಡು ಕಿಲೋ ಕನ್ನಡಕ. ಲಗತ್ತಿನ ಮೇಲೆ ಪೆನ್ನು ಕುಟ್ಟುತ್ತಾ ಕೇಳಿದಳು: "ಮೂರು ವರ್ಷ ಅಲ್ಲಿದ್ರಾ?"

"ಹೌದು" ಅಂದವನು ಕಟಕಟ.

"ಆ ಕಡೆಯ ರಿಜಿಸ್ಟರಲ್ಲಿ ಇವರ ಹೆಸರಿಲ್ಲ. ಒಳಗೆ ಹೋಗಿದ್ದೂ ಇಲ್ಲ, ಹೊರಗೆ ಬಂದಿದ್ದೂ ಇಲ್ಲ. ಅಂದ್ರೆ ಕದ್ದು ಹೋಗಿದಾರೆ, ಇಲ್ಲಾ ಸುಳ್ಳು ಬರೆದಿದಾರೆ."

"ಹಳೇ ರಿಜಿಸ್ಟರು ಕಳೆದಿರಬಹುದು ಮೇಡಂ. ಒಂಬತ್ತನೇ ಅಂಶ ಓದಿ. ಹೋಗದೆ ಇದ್ದವರಿಗೆ ಇದು ಗೊತ್ತಿರೋಕೆ ಸಾಧ್ಯನಾ?"

"ನನಗೆ ಕಥೆ ಬೇಡ, ಮೊಹರು ಬೇಕು" ಅಂದಳು. "ಮುಂದಿನ ಬುಧವಾರದೊಳಗೆ ಸಾಕ್ಷಿ ತನ್ನಿ. ಇಲ್ಲದಿದ್ರೆ ಜೊತೆ ಅರ್ಜಿ ಜೊತೆಗೇ ತಿರಸ್ಕಾರ."

ಮೆಟ್ಟಿಲು ಇಳಿಯುವಾಗ ಕಟಕಟ ಮೆಲ್ಲಗೆ ಅಂದ: "ಒಂದು ಸಲ ತಿರಸ್ಕಾರದ ಮೊಹರು ಬಿದ್ರೆ ಹತ್ತು ವರ್ಷ ಅರ್ಜಿ ಹಾಕೋ ಹಾಗಿಲ್ಲ. ನನಗೀಗ ಅರವತ್ನಾಲ್ಕು." ಕೊನೆಯ ಮೆಟ್ಟಿಲು ಇಳಿದ ಮೇಲೆ, "ಸಾಕ್ಷಿ ಇರುತ್ತೆ ಬಿಡು ನಿನ್ನ ಹತ್ರ. ಆ ಬೂಟಾದ್ರೂ ಇರಬೇಕಲ್ಲ" ಅಂದ.

ಬಿಸಿತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಏಪ್ರಿಲ್ ೪, ಶುಕ್ರವಾರ

ಉಪಾಯಗಳು ನೀರಿನ ಹಾಗೆ ಬರುತ್ತಿವೆ. ಈರುಳ್ಳಿ ಲೋಡಿನಡಿ ಅಡಗಿ ಗಡಿ ದಾಟಿದ್ದೆ ಎನ್ನಬಹುದು. ಆದರೆ ಜೈಲು. ಬೇರೆ ಹೆಸರಿನಲ್ಲಿ ಹೋಗಿದ್ದೆ ಎನ್ನಬಹುದು. ಆದರೆ ಇನ್ನೂ ದೊಡ್ಡ ಜೈಲು. ತಲೆಗೆ ಪೆಟ್ಟು ಬಿದ್ದು ಮರೆತಿದೆ ಎನ್ನಬಹುದು. ಆದರೆ ಹದಿನೇಳು ಅಂಶ ನೆನಪಿದೆ.

ಊಟಕ್ಕೆ ಕೂತಾಗ ತಂಗಿಯ ಮಗಳು ತಟ್ಟೆಯಿಂದ ತಲೆ ಎತ್ತಿ ಕೇಳಿದಳು: "ಮಾಮ, ನೀನು ಹೋಗಿದ್ಯಾ ಇಲ್ವಾ? ಕೌಂಟರಲ್ಲಿ ಕೇಳಿದ ಹಾಗೆ ಕೇಳ್ತಿದೀನಿ. ಹೌದು ಅಥವಾ ಇಲ್ಲ."

ನಾನು ನೀರು ಕುಡಿದೆ. ಉತ್ತರ ಬಂದಿದ್ದು ತಂಗಿಯ ಕಡೆಯಿಂದ. "ಎಲ್ಲಿಗೆ ಹೋಗ್ತಾನೆ? ಗಿರಣೀಲಿದ್ದ. ಮಧ್ಯಾಹ್ನದ ಬುತ್ತಿ ನಾನೇ ಒಯ್ದು ಕೊಡ್ತಿದ್ದೆ. ತಲೆಯಿಂದ ಕಾಲಿನವರೆಗೆ ಹಿಟ್ಟು. ಮಂಜು ಅಂತ ಹೇಳ್ತಾನಲ್ಲ, ಅದೇ ಇರಬೇಕು."

ಮೂವತ್ತೈದು ವರ್ಷದಿಂದ ಅವಳಿಗೆ ಗೊತ್ತು. ನಾನಾಗಿದ್ದರೆ ಮೂರು ದಿನ ತಡೆಯುತ್ತಿರಲಿಲ್ಲ. "ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ ನೀನು?" ಎಂದು ನಾನೇ ಜೋರು ಮಾಡಿದೆ.

"ಕೇಳೋಕೆ ಚೆನ್ನಾಗಿತ್ತಲ್ಲ" ಅಂದಳು. ಅನ್ನ ಬಡಿಸಿದಳು. ಆಮೇಲೆ ಅಂದಳು: "ಆದ್ರೆ ಅಣ್ಣ, ಅವನು ಬ್ಯಾಗ್ ಕಟ್ಟಿದಾನೆ. ನಮ್ಮ ಹಾಗೆ ಕೇಳಿಸಿಕೊಂಡು ಸುಮ್ಮನಿರೋನಲ್ಲ ಅವನು."

ಏಪ್ರಿಲ್ ೬, ಭಾನುವಾರ

ತೂಕದ ಕಟ್ಟೆಯ ಕಡೆ ನಡೆದು ಹೋಗಿದ್ದೆ. ಸುಮ್ಮನೆ. ಹಳೆಯ ಮುಳ್ಳು ತೆಗೆದು ಕೆಂಪು ಅಂಕಿ ಓಡುವ ಪೆಟ್ಟಿಗೆ ಇಟ್ಟಿದ್ದಾರೆ. ಒಂದು ಲಾರಿ ಲೋಡಿನೊಂದಿಗೆ ಬಂತು, ಹೋಯಿತು, ಖಾಲಿಯಾಗಿ ಬಂತು. ಖಾಲಿ ಲಾರಿ ಹಾಸಿನ ಮೇಲೆ ಹತ್ತುವಾಗ ಗಡಗಡ ಸದ್ದು ಮಾಡುತ್ತದೆ, ತುಂಬಿದ್ದಕ್ಕಿಂತ ಜಾಸ್ತಿ. ಇಷ್ಟು ವರ್ಷ ಇದನ್ನು ಗಮನಿಸಿರಲಿಲ್ಲ.

ಏಪ್ರಿಲ್ ೮, ಮಂಗಳವಾರ

ಬೆಳಗ್ಗೆ ಹತ್ತಕ್ಕೆ ಕಟಕಟನ ಕೊಡೆಯ ಕೆಳಗೆ ಸಾಲಿನಲ್ಲಿ ನಿಂತೆ. ನನಗಿಂತ ಮುಂದೆ ಒಬ್ಬ ಬಡಗಿ, ಒಬ್ಬ ನರ್ಸು. ಬಡಗಿಯ ಅರ್ಜಿ ಬೇಗ ಮುಗಿಯಿತು. ನರ್ಸಿನದು ಉದ್ದ. ಇನ್ನೂ ಉದ್ದವಾಗಲಿ ಎಂದು ಬಯಸಿದೆ.

"ಏನು ಟೈಪ್ ಮಾಡ್ಬೇಕು?" ಎಂದು ತಲೆ ಎತ್ತದೆ ಕೇಳಿ, ಆಮೇಲೆ ನೋಡಿದ. "ನೀನಾ! ಸಾಕ್ಷಿ ಸಿಕ್ತಾ?"

"ಸಿಕ್ತು. ಹಾಳೆ ಹಾಕು. ಪ್ರಮಾಣಪತ್ರ. ಕೆಳಗೆ ಸಹಿ ಮಾಡಿರುವ ನಾನು..."

"ಅದು ನನಗೆ ಬರುತ್ತೆ. ಮುಂದೆ ಹೇಳು."

"...ಆಚೆ ದೇಶಕ್ಕೆ ಯಾವತ್ತೂ ಹೋಗಿಲ್ಲ."

ಕಟಕಟ ಕಟಕಟ. ಅವನ ಬೆರಳು ಕಿವಿಗಿಂತ ಚುರುಕು. ವಾಕ್ಯ ಪೂರ್ತಿ ಟೈಪಾಗಿ, ಚುಕ್ಕೆಯೂ ಬಿದ್ದ ಮೇಲೆ ಕೈ ನಿಂತಿತು.

"ಇದು ಆ ಕೌಂಟರ್ ಮೇಡಂಗೆ ಹೇಳೋಕೆ ಮಾಡಿದ ಉಪಾಯವಾ?"

"ಅಲ್ಲ."

"ಅವತ್ತು ಟ್ಯಾಂಕ್ ಹತ್ರ ಹೇಳಿದ್ದು..."

"ಅದೇ. ಈಗಲೂ ನಗಬೇಕು ಅಂದ್ರೆ ನಗು."

ಅವನು ನಗಲಿಲ್ಲ. ಮೇಜಿನ ಗಿಡ್ಡ ಕಾಲಿನ ಕೆಳಗಿದ್ದ ಚಕ್ಕೆಯನ್ನು ಬಗ್ಗಿ ಸರಿ ಮಾಡಿದ. ಅದು ಸರಿಯಾಗಿಯೇ ಇತ್ತು. ಆಮೇಲೆ ಕೆಲಸದ ದನಿಯಲ್ಲಿ ಅಂದ: "ಒಟ್ಟಾರೆ ಇಲ್ಲ ಅಂದ್ರೆ ಒಪ್ಪಲ್ಲ. ಹದಿನೇಳು ಅಂಶಕ್ಕೂ ಬೇರೆ ಬೇರೆ ನಿರಾಕರಣೆ ಬೇಕು. ಒಂದು. ಕಣಿವೆಯಲ್ಲಿ ಎರಡು ತೋಳ ಓಡಿಸಿದ್ದು."

"ಇಲ್ಲ."

"ಎರಡೂ?"

"ಎರಡೂ."

"ಒಂದನ್ನಾದ್ರೂ?"

"ಇಲ್ಲಯ್ಯಾ."

ಕಟಕಟ. ಎರಡು, ಇಲ್ಲ. ಮೂರು, ಇಲ್ಲ. ನನ್ನ ಹಿಂದೆ ಸಾಲು ಬೆಳೆದಿತ್ತು. ಸೇತುವೆ ಹೋಯಿತು, ದರೋಡೆಕೋರರು ಹೋದರು, ನಾನು ಡೊಳ್ಳುಹೊಟ್ಟೆಯ ಮಂತ್ರಿಯ ಕಾರನ್ನು ಕೆಸರಿನಿಂದ ಎಳೆದದ್ದು ಹೋಯಿತು. ಅದು ಹೋದಾಗ ನನಗೇ ಬೇಜಾರಾಯಿತು. ಅದನ್ನು ಕಟ್ಟಲು ಒಂದು ವಾರ ಹಿಡಿದಿತ್ತು.

"ಒಂಬತ್ತು" ಅಂದ. ಮುಂದೆ ಓದಲಿಲ್ಲ. ಬೆರಳು ಗಾಳಿಯಲ್ಲೇ ಇತ್ತು. "ಇದೂನಾ?"

ನನ್ನ ನಾಲಗೆ ಮೂವತ್ತು ವರ್ಷದಿಂದ ಪಳಗಿದ ಕುದುರೆ, ತಾನಾಗಿ ಓಡಲು ಎದ್ದುನಿಂತಿತು. ಇದೊಂದು ನಿಜ ಅಂದರೆ ಸಾಕಾಗಿತ್ತು. ಒಂದು ಉಳಿಯುತ್ತಿತ್ತು. ಆದರೆ ಒಂದು ಸುಳ್ಳು ಉಳಿದರೂ ನನ್ನ ಜೊತೆ ಅವನ ಅರ್ಜಿಯೂ ಬೀಳುತ್ತದೆ.

"ಅದನ್ನ ಹೇಳಿದ್ದು ಒಬ್ಬ ಡ್ರೈವರು. ದಪ್ಪ ಮೀಸೆಯವನು. ಮುಳ್ಳು ನಿಲ್ಲೋದ್ರೊಳಗೆ ಹೇಳಿ ಮುಗಿಸಿದ."

"ಅವನಾದ್ರೂ ಹೋಗಿದ್ನಾ ಆ ಮನೆಗೆ?"

"ಗೊತ್ತಿಲ್ಲ. ನಾನು ಕೇಳ್ಲಿಲ್ಲ."

ಅವನು ಟೈಪ್ ಮಾಡಿದ. ತಪ್ಪಾಯಿತು. ನಾನು ನೋಡಿದೆ, ಎರಡು ಅಕ್ಷರದ 'ಇಲ್ಲ'ದಲ್ಲಿ ಒಂದಕ್ಷರ ತಪ್ಪಿತ್ತು. ಮೇಜಿನ ಡ್ರಾಯರಿನಿಂದ ಆ ಕಲ್ಲಿನಂಥ ರಬ್ಬರು ತೆಗೆದು ಉಜ್ಜಿದ. ಹಾಳೆ ಸ್ವಲ್ಪ ಹರಿಯಿತು. ಊದಿ, ಮತ್ತೆ ಟೈಪ್ ಮಾಡಿದ.

ಉಳಿದ ಎಂಟು ಬೇಗ ಮುಗಿದವು. ಹಾಳೆ ಎಳೆದು ಮುಂದಿಟ್ಟ. ಸಹಿ ಮಾಡಿದೆ. ಗೆರೆ ಎಳೆಯಲಿಲ್ಲ, ಪೆನ್ನು ಸರಿ ಇರಲಿಲ್ಲ.

"ಮುಂದಿನವರು ಬನ್ನಿ" ಅಂದ.

ಏಪ್ರಿಲ್ ೯, ಬುಧವಾರ

ಪ್ರಮಾಣಪತ್ರವನ್ನು ಅರ್ಜಿದಾರನ ಎದುರು ಗಟ್ಟಿಯಾಗಿ ಓದಬೇಕಂತೆ, ನಿಯಮ. ಕನ್ನಡಕದವಳು ಗಟ್ಟಿಯಾಗಿಯೇ ಓದಿದಳು. ಗಂಟಲು ಗಿರಣಿಗೆ ಹೇಳಿಮಾಡಿಸಿದಂತಿತ್ತು. ತೋಳ ಬಂದಾಗ ಸಾಲಿನಲ್ಲಿದ್ದವರು ನಕ್ಕರು. ಮಂತ್ರಿಯ ಕಾರು ಬಂದಾಗ ಕಚೇರಿಯ ಕಾವಲುಗಾರನೂ ನಕ್ಕ. "ತೂಕದ ಮಾಮನ ತೂಕ ಈಗ ಗೊತ್ತಾಯ್ತು ಬಿಡಿ" ಎಂದು ಹಿಂದಿನಿಂದ ಯಾರೋ ಅಂದರು.

ಜೊತೆ ಅರ್ಜಿಯಾದ್ದರಿಂದ ಕಟಕಟ ನನ್ನ ಪಕ್ಕದಲ್ಲೇ ನಿಲ್ಲಬೇಕಿತ್ತು. ಬೆಳಗ್ಗೆಯಿಂದ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಈಗ ಹಿಂದೆ ತಿರುಗಿ, "ಸಾಲಲ್ಲಿ ಮಾತಾಡಬಾರದು. ಬೋರ್ಡ್ ಹಾಕಿದಾರೆ, ಓದಿಕೊಳ್ಳಿ" ಅಂದ. ಮತ್ತೆ ಮುಂದೆ ತಿರುಗಿದ.

ಏಪ್ರಿಲ್ ೧೫, ಮಂಗಳವಾರ

ಬರೆಯುವಂಥದ್ದೇನಿಲ್ಲ.

ಏಪ್ರಿಲ್ ೧೯, ಶನಿವಾರ

ಕ್ಷೌರಕ್ಕೆ ಹೋಗಿದ್ದೆ. "ಮಾಮ, ಏನಾದ್ರೂ ಹೇಳು" ಅಂದರು. ಕಿವಿಯ ಹತ್ತಿರ ಕತ್ತರಿ ಇದ್ದಾಗ ಮಾತಾಡಬಾರದೆಂದೆ. ಮೂಲೆಯ ಕುರ್ಚಿಯಲ್ಲಿ ಪೇಪರ್ ಮಡಚಿಯೇ ಇತ್ತು.

ಏಪ್ರಿಲ್ ೨೪, ಗುರುವಾರ

ಫಲಿತಾಂಶ ಬಂತು. ಕಟಕಟನಿಗೆ ವೀಸಾ. ನನಗೆ ತಿರಸ್ಕಾರ, ಹತ್ತು ವರ್ಷ. ಪ್ರಮಾಣಪತ್ರ ಕೊಟ್ಟು ತಪ್ಪೊಪ್ಪಿಕೊಂಡಿದ್ದರಿಂದ ಅರ್ಜಿಗಳನ್ನು ಬೇರೆ ಮಾಡಿದರಂತೆ. ಸರ್ಕಾರ ಖಾಲಿ ಲಾರಿಯನ್ನೂ ತೂಗಿ, ಕಳೆದು, ಸರಿಯಾಗಿಯೇ ಲೆಕ್ಕ ಹಾಕಿತು. ಇದರಲ್ಲಿ ನನ್ನ ತಕರಾರಿಲ್ಲ. ಹೇಗೂ ಕಾಲು ನೋವಿತ್ತು.

ಸಂಜೆ ಅವನೇ ಮನೆಗೆ ಬಂದ. ತಂಗಿ ಚಹಾ ಕೊಟ್ಟು ಒಳಗೆ ಹೋದಳು. ಮೆಷಿನ್ ಸದ್ದು ಮಾತ್ರ ಕೇಳಲಿಲ್ಲ. ಅಂದರೆ ಕೇಳಿಸಿಕೊಳ್ಳುತ್ತಿದ್ದಳು.

"ಹೋಗ್ತೀಯಾ?" ಅಂದೆ.

"ದಾರಿ ತೋರಿಸೋನು ಇಲ್ಲ."

"ತೋರಿಸೋನು ಮೊದಲೂ ಇರ್ಲಿಲ್ಲ."

ಅದಕ್ಕೆ ಮೂಗಿನಲ್ಲಿ ಒಂದು ಸದ್ದು ಮಾಡಿದ. ನಗುವೇ ಇರಬೇಕು. ನಕ್ಷೆ ಬಿಡಿಸಿದ. "ಈ ಹನ್ನೊಂದನೇ ದಿನ ಏನು ಮಾಡ್ಲಿ? ಸುತ್ತು ಹಾಕಿಬಿಟ್ಟಿದೀನಿ. ಕೆಂಪು ಪೆನ್ಸಿಲು, ಅಳಿಸಿದ್ರೂ ಹೋಗಲ್ಲ."

ಗೊತ್ತಿಲ್ಲ ಅಂದೆ. ಈ ಮಾತು ಇತ್ತೀಚೆಗೆ ಬಾಯಿಗೆ ಸುಲಭವಾಗಿ ಬರುತ್ತಿದೆ, ವಯಸ್ಸಾಯಿತು.

ಏಪ್ರಿಲ್ ೨೮, ಸೋಮವಾರ

ಆಚೆ ದೇಶದ ಮಾತು ಟೈಪ್ ಮಾಡಿದ್ದ ರಟ್ಟುಗಳನ್ನು ಕಟಕಟನಿಂದ ಇಸಿದುಕೊಂಡು ತೂಕದ ಕಟ್ಟೆಗೆ ಹೋದೆ. ಆಚೆ ದೇಶದ ಆರು ಲಾರಿ ಬಂದವು. ಕೆಂಪು ಅಂಕಿ ಬೇಗ ನಿಲ್ಲುವುದರಿಂದ ಡ್ರೈವರುಗಳಿಗೆ ಮಾತಿಗೆ ಸಮಯವಿಲ್ಲ. ಒಬ್ಬೊಬ್ಬರನ್ನೂ ಚಹಾ ಅಂಗಡಿಯವರೆಗೆ ಬೆನ್ನು ಹತ್ತಿ ಹಿಡಿಯಬೇಕಾಯಿತು. ಯಾವ ಊರಲ್ಲಿ ಬಸ್ಸು ಬದಲಿಸಬೇಕು, ಎಲ್ಲಿ ನೀರು ಕಾಯಿಸಿ ಕುಡಿಯಬೇಕು, ಅರವತ್ತು ದಾಟಿದವನಿಗೆ ಕಣಿವೆಯಲ್ಲಿ ಉಸಿರು ಕಟ್ಟಿದರೆ ಯಾರನ್ನು ಕೇಳಬೇಕು, ಎಲ್ಲ ಕೇಳಿ ಬರೆದುಕೊಂಡೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬನ ಹತ್ತಿರ ಮತ್ತೆ ಕೇಳಿ ತಾಳೆ ನೋಡಿದೆ, ಡ್ರೈವರುಗಳನ್ನು ನಂಬಲಾಗುವುದಿಲ್ಲ.

ನಾನು ಕಲಿಸಿದ್ದ 'ನಮಸ್ಕಾರ'ವನ್ನು ಒಬ್ಬ ವಯಸ್ಸಾದ ಡ್ರೈವರಿನೆದುರು ಆಡಿ ತೋರಿಸಿದೆ. ಅವನು ನಕ್ಕು ನಕ್ಕು ಸ್ಟೇರಿಂಗಿಗೆ ಹಣೆ ಇಟ್ಟ. ಅದರ ಅರ್ಥ, 'ನಿನ್ನ ತಕ್ಕಡಿ ಸುಳ್ಳು ಹೇಳುತ್ತೆ'. ಕಟಕಟ ಅದನ್ನು ಹೇಳಿಕೊಂಡು ಊರೂರು ತಿರುಗುವುದನ್ನು ನೆನೆದು ಬೆವರಿದೆ.

ಎಂಟು ತಾಸು ಅಲ್ಲಿದ್ದೆ. ಒಂದು ಕಥೆಯನ್ನೂ ಹೇಳಲಿಲ್ಲ. ಗಂಟಲು ಸರಿಯಿರಲಿಲ್ಲವೆಂದು ಕಾಣುತ್ತದೆ.

ಮೇ ೬, ಮಂಗಳವಾರ

ಬೆಳಗಿನ ಬಸ್ಸು. ಟಿಕೆಟ್ ಕೊಟ್ಟವಳು ನಮ್ಮ ಹುಡುಗಿಯೇ. "ಎಡಗಡೆ ಕಿಟಕಿ ಕೊಟ್ಟಿದೀನಿ" ಎಂದು ನನ್ನ ಕಡೆ ನೋಡಿದಳು. "ಈ ಬಸ್ಸಿಗೆ ಬಿಸಿಲು ಬಲಗಡೆನೇ. ಒಂದು ಸಲಕ್ಕೆ ನೀನು ಸರಿ ಮಾಮ."

ಕಟಕಟನ ಚೀಲವನ್ನು ಕೈಯಲ್ಲೆತ್ತಿ ನೋಡಿದೆ. ಹದಿಮೂರೂವರೆ ಕಿಲೋ. ಎರಡು ಕಿಲೋ ಇಳಿಸು ಅಂದೆ. ಇಳಿಸಿದ. ಅದರಲ್ಲಿ ರಬ್ಬರೂ ಇತ್ತು. ಹೊಸ ರಟ್ಟುಗಳನ್ನು ಕೊಟ್ಟೆ. ಓದಿ ನೋಡಿ ಅಂಗಿಯ ಒಳಜೇಬಿಗೆ ಹಾಕಿಕೊಂಡ. "ಇದೆಲ್ಲ ನಿಜಾನಾ?" ಎಂದು ಕೇಳಲಿಲ್ಲ.

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದೆ. "ಕೈ ಇಳಿಸು ಮಾಮ, ಹೋಗಿ ಆಗಲೇ ಎಷ್ಟೊತ್ತಾಯ್ತು" ಎಂದು ಕಿಂಡಿಯೊಳಗಿಂದ ಕೂಗಿದಳು.

ಜೂನ್ ೨, ಸೋಮವಾರ

ಕಾಗದ ಬಂದಿದೆ. ಕಟಕಟನ ಕೈಬರಹವನ್ನು ಇಷ್ಟುದ್ದಕ್ಕೆ ಮೊದಲ ಸಲ ನೋಡಿದೆ. ಕೋಳಿ ಕೆದರಿದ ಹಾಗಿದೆ. ನನ್ನ ಅಕ್ಷರ ಎಷ್ಟೋ ಮೇಲು.

ಬಸ್ಸು ಬದಲಿಸಿದ್ದು, ನೀರು ಕಾಯಿಸಿದ್ದು ಎರಡೇ ಸಾಲು. ಉಳಿದದ್ದೆಲ್ಲ ಹನ್ನೊಂದನೆಯ ದಿನ. ಕೆಂಪು ಸುತ್ತಿನ ತಿರುವಿನಲ್ಲಿ ಬಸ್ಸು ನಿಲ್ಲಿಸಿ ಇಳಿದನಂತೆ. ಅಲ್ಲಿ ನೀಲಿ ಬಾಗಿಲಿನ ಮನೆ ಇತ್ತಂತೆ. ಮುದುಕಿ ಗಂಜಿ ಕೊಟ್ಟಳಂತೆ. 'ನಿನ್ನನ್ನು ಕೇಳಿದಳು. ಚೆನ್ನಾಗಿದ್ದಾನೆ, ಬರಲಾಗಲಿಲ್ಲ ಎಂದು ಹೇಳಿದೆ. ಹೊರಡುವಾಗ ಕೈ ಎತ್ತಿದವಳು ಇಳಿಸಲಿಲ್ಲ. ಒಂದು ಮಾತು ನಿನ್ನನ್ನು ಕೇಳಲು ಹೇಳಿದ್ದಾಳೆ: ಆ ಬೂಟನ್ನು ಏನು ಮಾಡಿದೆ?'

ಮೂರು ಸಲ ಓದಿದೆ. ಕಸುಬುದಾರನಾಗಿ ಹೇಳಬೇಕೆಂದರೆ ಬಹಳ ಕಚ್ಚಾ ಕೆಲಸ. ನನ್ನ ಕಥೆಯಲ್ಲೇ ಆ ಮುದುಕಿಗೆ ಎಂಬತ್ತಾಗಿತ್ತು. ಅವಳಿಗೀಗ ನೂರಾ ಹದಿನೈದು ಆಗಬೇಕು. ಈ ಬೇಸಗೆಯಲ್ಲಿ ಗಂಜಿಯ ಮೇಲೆ ಹಬೆ ಏಳಿಸಿದ್ದಾನೆ. ಹೊಸಬರೆಲ್ಲ ಮಾಡುವ ತಪ್ಪು. ಬೂಟಿನ ಪ್ರಶ್ನೆ ಮಾತ್ರ ಪರವಾಗಿಲ್ಲ. ನನಗೂ ಹೊಳೆದಿರಲಿಲ್ಲ.

ಕಾಗದ ತೆಗೆದುಕೊಂಡು ಕ್ಷೌರದಂಗಡಿಗೆ ಹೋಗಿ ಎಲ್ಲರಿಗೂ ಓದಿದೆ. ಒಂದಕ್ಷರ ಸೇರಿಸಲಿಲ್ಲ. ಕ್ಷೌರಿಕ ಕತ್ತರಿ ಕೆಳಗಿಟ್ಟ.

"ಹಾಗಾದ್ರೆ ಮಾಮ, ನೀನು ನಿಜವಾಗ್ಲೂ ಹೋಗಿದ್ಯಾ?"

"ಇಲ್ಲ. ನಾನು ಗಿರಣೀಲಿದ್ದೆ" ಅಂದೆ.

"ಮತ್ತೆ ಈ ಮುದುಕಿ?"

"ಟೈಪಿಸ್ಟ್ ಬರೆದಿದಾನೆ. ಮೂವತ್ನಾಲ್ಕು ವರ್ಷದಲ್ಲಿ ಒಂದೇ ಒಂದು ಅಕ್ಷರ ತಪ್ಪಿದೋನು. ಅವನನ್ನೇ ಕೇಳಿ."

ಅವನು ಹದಿನೈದಕ್ಕೆ ವಾಪಸ್ಸು ಬರುತ್ತಾನೆ. ಅಷ್ಟರೊಳಗೆ ಬೂಟು ಏನಾಯಿತೆಂದು ಯೋಚಿಸಬೇಕು. ಕಳೆದುಹೋಯಿತು ಎಂದು ಬಾಯಿಗೆ ಬಂದಂತೆ ಹೇಳಿಬಿಡುವ ಹಾಗಿಲ್ಲ. ಪಾಪ, ಅಷ್ಟು ದೂರ ಹೋಗಿ ಕೇಳಿ ಬರೆದಿದ್ದಾನೆ.